ಸಾಂದ್ರತೆ ಬದಲಾಗುವುದಿಲ್ಲ

ಇಪ್ಪತ್ತೇಳು ವರ್ಷ ಕಾರವಾರದ ಈ ಕಾಲೇಜಿನಲ್ಲಿ
ರಸಾಯನದ ಬೀಕರು ತೊಳೆದಿದ್ದೇನೆ.
ಗೋಡೆಯಾಚೆ ಪಾಠ. ನಡುವಿನ ಬಾಗಿಲಿಗೆ ಚಿಲಕವಿಲ್ಲ,
ಕಡಲಗಾಳಿ ತಿಂದ ಕಬ್ಬಿಣ,
ಜೂನಿನಲ್ಲಿ ಹಾಕಿಸಿದ್ದು ಜನವರಿಗೆ ಪುಡಿ.
ಹಾಗಾಗಿ ಎಲ್ಲ ಪಾಠವೂ ನನಗೆ ಬಾಯಿಪಾಠ.

ಘನ ಎಂದರೆ, ನಾಗ್ವೇಕರ್ ಮೇಡಂ ಶುರುಮಾಡುತ್ತಾರೆ,
ತನ್ನ ಆಕಾರ ತಾನೇ ಹಿಡಿದುಕೊಂಡದ್ದು.
ಪಾತ್ರೆಯ ಮಾತು ಕೇಳದ್ದು.
ಒಳಗೆ ಕಣಗಳು ಸುಮ್ಮನಿಲ್ಲ, ನಡುಗುತ್ತವೆ,
ಆದರೆ ನಿಂತಲ್ಲೇ.

ಅವರ ಮೇಜಿಗೆ ಬೇಕಾದ್ದು ನಾನು ಜೋಡಿಸಿಡುತ್ತೇನೆ:
ಸಾಣಿಕಟ್ಟಾ ಹರಳುಪ್ಪು, ಒಂದು ಮುಷ್ಟಿ,
ತಾಮ್ರದ ತಂತಿ, ಡಾಂಬರು ಗುಳಿಗೆ, ಪೆನ್ಸಿಲಿನ ಕಡ್ಡಿ,
ಒಡೆದ ಫ್ಲಾಸ್ಕಿನ ಚೂರು (ಅದರ ದುಡ್ಡು ನನ್ನ ಸಂಬಳದಲ್ಲಿ ಹೋದದ್ದು).

ಉಪ್ಪನ್ನು ಸುತ್ತಿಗೆಯಲ್ಲಿ ತಟ್ಟಿದರೆ ಚೌಕಕ್ಕೆ ಚೌಕವೇ ಸೀಳುತ್ತದೆ,
ಯಾರೋ ಒಳಗೆ ಗೆರೆ ಎಳೆದಿಟ್ಟ ಹಾಗೆ.
ಸಾಸಿವೆಯಷ್ಟು ಚೂರಿಗೂ ಎಂಟು ಮೂಲೆ.
ಗಾಜಿಗೆ ಒಳಗೆರೆಯಿಲ್ಲ,
ಮನಸ್ಸು ಬಂದಂತೆ ಒಡೆದು ಸಿಕ್ಕವರ ಬೆರಳು ಕೇಳುತ್ತದೆ.
ಕಾಯಿಸಿ ನೋಡಿ, ಉಪ್ಪು ಒಂದೇ ಮಾತಿನ ಆಸಾಮಿ:
ಎಂಟುನೂರ ಒಂದು ಡಿಗ್ರಿಯವರೆಗೆ ಜಪ್ಪಯ್ಯ ಅಂದರೂ ಕರಗದು,
ಆಮೇಲೆ ಒಮ್ಮೆಗೇ ಶರಣು.
ಗಾಜು ಮೆತ್ತಗಾಗುತ್ತದೆ, ಬಾಗುತ್ತದೆ,
ಕರಗಿದೆನೋ ಇಲ್ಲವೋ ಹೇಳದೆ ಜೊಲ್ಲಿನಂತೆ ಇಳಿಯುತ್ತದೆ.
ನಮ್ಮ ಸೊಸೈಟಿಯ ಅಧ್ಯಕ್ಷರು ನೆನಪಾಗುತ್ತಾರೆ.

ತಾಮ್ರ ಬಡಿದರೆ ಹರಡುತ್ತದೆ, ಬಿರಿಯುವುದಿಲ್ಲ:
ಅದರ ಇಲೆಕ್ಟ್ರಾನು ಯಾರೊಬ್ಬರ ಸ್ವತ್ತೂ ಅಲ್ಲ,
ರಂಪಣಿ ಬಲೆಯ ಮೀನಿನ ಹಾಗೆ ಎಳೆದವರಿಗೆಲ್ಲ ಪಾಲು.
ಡಾಂಬರು ಗುಳಿಗೆಯ ನಂಟು ಸಡಿಲ,
ನೀರಾಗುವ ತಾಪತ್ರಯವಿಲ್ಲದೆ ಗಾಳಿಗೆ ಎದ್ದು ಹೋಗುತ್ತದೆ
ಟ್ರಂಕಿನಲ್ಲಿ ವಾಸನೆ ಬಿಟ್ಟು.
ಪೆನ್ಸಿಲೂ ವಜ್ರವೂ ಒಂದೇ ಇಂಗಾಲ ಎಂದಾಗ
ಹಿಂದಿನ ಬೆಂಚಿಗೆ ವರ್ಷಕ್ಕೊಮ್ಮೆ ಎಚ್ಚರ.

ಆಮೇಲೆ ದೋಷಗಳು.
ಶುದ್ಧ ಹರಳು ಪುಸ್ತಕದಲ್ಲಷ್ಟೇ ಮಕ್ಕಳೇ, ಅನ್ನುತ್ತಾರೆ.
ಕೆಲವೆಡೆ ಅಯಾನುಗಳು ಜೋಡಿಯಾಗಿ ನಾಪತ್ತೆ. ಜಾಗ ಖಾಲಿ, ತೂಕ ಕಡಿಮೆ.
ಇನ್ನು ಕೆಲವೆಡೆ ಸಣ್ಣ ಅಯಾನೊಂದು ತನ್ನ ಜಾಗ ಬಿಟ್ಟು
ಸಾಲುಗಳ ಸಂದಿಯಲ್ಲಿ ಹೋಗಿ ಕೂತಿರುತ್ತದೆ.
ಇದು ಫ್ರೆಂಕೆಲ್ ದೋಷ. ಬರೆದುಕೊಳ್ಳಿ:
ಹರಳಿನಿಂದ ಏನೂ ಹೊರಹೋಗಿಲ್ಲ.
ಸಾಂದ್ರತೆ ಬದಲಾಗುವುದಿಲ್ಲ.

ಪ್ರತಿ ವರ್ಷ ಈ ಸಾಲಿಗೆ
ತೊಳೆಯುತ್ತಿದ್ದ ಪಿಪೆಟ್ಟು ಕೈಯಲ್ಲೇ ನಿಲ್ಲುತ್ತದೆ.

ನೌಕಾನೆಲೆಗೆ ಜಾಗ ಬೇಕಾದಾಗ
ನಮ್ಮ ಕೇರಿಯನ್ನು ಅಲೆಯ ದಂಡೆಯಿಂದ ಎತ್ತಿ
ಗುಡ್ಡಕ್ಕೂ ಹೆದ್ದಾರಿಗೂ ನಡುವಿನ ಸಂದಿಯಲ್ಲಿಟ್ಟರು.
ತಲೆ ಎಣಿಸಿದರು. ಹೊರಟವರೆಷ್ಟೋ ಬಂದವರೂ ಅಷ್ಟೇ.
ತಾಲೂಕಿನ ಲೆಕ್ಕ ಸರಿಹೋಯಿತು.
ಫೋಂಡು ತಾಂಡೇಲನ ದೋಣಿ ಅಂಗಳದಲ್ಲಿ ಮಗುಚಿಕೊಂಡು
ಕೋಳಿಗೂಡಾಯಿತು.
ಆಯಿ ನಸುಕಿಗೆದ್ದು ಇಳಿತ ಎಷ್ಟೊತ್ತಿಗೆ ಎಂದು
ಕಿವಿಗೊಡುವುದನ್ನು ಬಿಡಲಿಲ್ಲ.
ಕೇಳುತ್ತಿದ್ದದ್ದು ಅದಿರಿನ ಲಾರಿ.

ಒಂದು ವರ್ಷ ಧೈರ್ಯ ಮಾಡಿ ಮೇಡಂ ಹತ್ತಿರ ಕೇಳಿದೆ:
ಸಂದಿಗೆ ಹೋದದ್ದು ವಾಪಸು ಬರುತ್ತದಾ?
ಅವರು ಡಸ್ಟರು ಕೆಳಗಿಟ್ಟರು.
ಬಿಸಿ ತಾಗಿದರೆ ಅಲೆಯುತ್ತದೆ, ಅಂದರು,
ಒಂದು ಸಂದಿಯಿಂದ ಇನ್ನೊಂದಕ್ಕೆ.
ಖಾಲಿ ಜಾಗ ಸಿಕ್ಕರೆ ಕೂರಬಹುದು.
ಅದರದೇ ಜಾಗ ಅಂತ ಹೇಳಲಾಗದು.
ಆಮೇಲೆ, ನಾನು ಕೇಳದಿದ್ದರೂ,
ಹಳೇ ಫೋಟೋ ಫಿಲ್ಮಿನಲ್ಲಿ ಬೆಳ್ಳಿಯ ಬ್ರೋಮೈಡು ಇರುತ್ತದೆ, ವಿಠೋಬಾ.
ಜಾಗ ಬಿಟ್ಟು ಅಲೆಯುವ ಬೆಳ್ಳಿ ಅದರಲ್ಲಿ ಇಲ್ಲದಿದ್ದರೆ
ಬೆಳಕು ಬಿದ್ದ ಗುರುತು ನಿಲ್ಲುತ್ತಿರಲಿಲ್ಲ.

ಮನೆಯಲ್ಲೊಂದು ಫೋಟೋ ಇದೆ, ಕಪ್ಪು ಬಿಳುಪು,
ಪರಿಹಾರದ ಕಡತಕ್ಕೆಂದು ಸರ್ವೆಯವರು ತೆಗೆದದ್ದು.
ಹಳೇ ಮನೆ, ಬಾಗಿಲಲ್ಲಿ ಆಯಿ,
ಎದೆಗೆ ಆನಿಸಿದ ಸ್ಲೇಟು, ಸ್ಲೇಟಿನ ಮೇಲೆ ನಂಬರು.
ಹಿಂದೆ ಕಡಲು, ಕೊಂಚ ಅಲುಗಿದೆ.
ಅವಳ ಸೀರೆಯ ಕಪ್ಪು ಬೆಳ್ಳಿಯಂತೆ. ನಂಬರಿನ ಸುತ್ತಲ ಕಪ್ಪೂ.

ಆ ಸಂಜೆ ಒರೆಸಲೆಂದು ಗೋಡೆಯಿಂದ ಇಳಿಸಿದೆ.
ಮೊಳೆ ಕೈಗೇ ಬಂತು, ತುಕ್ಕು ಹಿಡಿದು ಪುಡಿ.
ಅಂದರೆ ಇಲ್ಲಿಯವರೆಗೂ
ಉಪ್ಪು ಬರುತ್ತದೆ.